ಏನೂ ಮಾಡದ ಮುಖ

ಅಕ್ಷಯಾ ಎರಡೂ ಕೈಯಲ್ಲಿ ಗೇಟಿನ ಸರಳು ಹಿಡಿದುಕೊಂಡಿದ್ದಳು, ಒಳಗೆ ಬರುವುದಕ್ಕಲ್ಲ, ಯಾರಾದರೂ ಒಳಗೆ ಎಳೆದುಕೊಂಡು ಹೋದಾರೆಂಬ ಭಯಕ್ಕೆ. ಅಂಗನವಾಡಿಯ ಬಾಗಿಲಲ್ಲಿ ನಿಂತಿದ್ದ ವನಜ ನಕ್ಕಳು. ನಗಬಾರದಿತ್ತು ಎಂದು ನಗುವಾಗಲೇ ಗೊತ್ತಾಯಿತು. ಮೂರು ವರ್ಷದ ಹುಡುಗಿ ಅವಳ ಮುಖವನ್ನು ಒಮ್ಮೆ ನೋಡಿ, ಉಸಿರು ಒಳಗೇ ಸಿಕ್ಕಿಕೊಂಡ ಹಾಗೆ ಬಾಯಿ ತೆರೆದು, ಆಮೇಲೆ ಕಿರುಚಿದಳು. ಒಳಗೆ ಚಾಪೆಯ ಮೇಲೆ ಕೂತಿದ್ದ ಉಳಿದ ಮಕ್ಕಳು ಸುಮ್ಮನಾದವು. ಹೆಸರುಕಾಳು ಬೇಯಿಸುತ್ತಿದ್ದ ಸಹಾಯಕಿ ಸೌಟು ಹಿಡಿದುಕೊಂಡೇ ಹೊರಗೆ ಬಂದು, ವನಜಳನ್ನು ದಾಟಿ ಹೋಗಿ ಮಗುವಿನ ತಲೆ ಸವರಿದಳು.

"ಬೇಜಾರ್ ಮಾಡ್ಕಂಬೇಡಿ ಟೀಚರೇ," ಎಂದಳು ಅಕ್ಷಯಾಳ ತಾಯಿ ಅನಿಷಾ. ಮಗಳ ಬೆರಳುಗಳನ್ನು ಸರಳಿನಿಂದ ಒಂದೊಂದಾಗಿ ಬಿಡಿಸುತ್ತಿದ್ದಳು. "ನಿಮ್ದ್ ಎಂತ ತಪ್ಪಿಲ್ಲ. ಇದ್ರ್ ಅಪ್ಪ ಮೊಬೈಲಗೆ ನಿಮ್ ಸಿನಿಮಾದ್ ಆ ಸೀನ್ ಹಾಕಂಡ್ ಕಾಂತಾ ಇದ್ದಿದ್ರ್. ಇದ್ ಹಿಂದಿಂದ ಬಂದ್ ಕಂಡ್ತ್. ರಾತ್ರಿ ಇಡೀ ನಿದ್ರಿ ಮಾಡ್ದೆ ಮರ್ಕ್ತ್."

"ನಾಳೆಗ್ ಸಮ ಆತ್ತ್ ಬಿಡಿ," ಎಂದಳು ವನಜ. ಮೊನ್ನೆಯೂ ಹಾಗೇ ಹೇಳಿದ್ದಳು, ಬೇರೊಬ್ಬ ತಾಯಿಗೆ.

ಅವರು ಹೋದ ಮೇಲೆ ಅವಳು ಒಳಗೆ ತಿರುಗಿದಳು, ಬೇಗ ತಿರುಗಿದಳು. ನಿಧಾನವಾಗಿ ಕತ್ತು ತಿರುಗಿಸಬಾರದು ಎಂಬುದನ್ನು ಈ ಕೆಲವು ವಾರಗಳಲ್ಲಿ ಅವಳು ಕಲಿತಿದ್ದಳು. ಯಾರಾದರೂ ಹಿಂದಿನಿಂದ ಕರೆದರೆ ಕೋಳಿಯ ಹಾಗೆ ಸರಕ್ಕನೆ ಮುಖ ತಿರುಗಿಸುತ್ತಿದ್ದಳು, ಇಲ್ಲವಾದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ಕೋಣೆಯೊಳಗೆ ಹೋಗುವ ಮೊದಲು ಏನಾದರೂ ಮಾತಾಡಿ ತಾನು ಬರುತ್ತಿದ್ದೇನೆಂದು ತಿಳಿಸುತ್ತಿದ್ದಳು. ಬೊಟ್ಟು ದೊಡ್ಡದಾಗಿತ್ತು, ತಲೆಯಲ್ಲಿ ದಿನವೂ ಅಬ್ಬಲಿಗೆ ಹೂ ಇರುತ್ತಿತ್ತು. ಮತ್ತೆ ಆ ನಗು. ಬಸ್ಸಿನಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ, ಒಲೆಯ ಮುಂದೆ ಒಬ್ಬಳೇ ಇದ್ದಾಗಲೂ ಅದು ಮುಖದ ಮೇಲೆ ಇರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ದವಡೆ ನೋಯುತ್ತಿತ್ತು. ಇಷ್ಟು ವರ್ಷ ಈ ಮುಖ ತನ್ನಷ್ಟಕ್ಕೆ ತಾನು ಇತ್ತು. ಯಾವಾಗ ನಗಬೇಕು, ಯಾವಾಗ ಗದರಬೇಕು ಎಂದು ಅದಕ್ಕೇ ಗೊತ್ತಿತ್ತು, ಅವಳು ಹೇಳಿಕೊಡಬೇಕಾಗಿರಲಿಲ್ಲ. ಈಗ ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ನೋಡಿಕೊಳ್ಳುವ ಹಾಗೆ ಇಡೀ ದಿನ ಅದನ್ನು ನೋಡಿಕೊಳ್ಳಬೇಕಾಗಿತ್ತು.

ಆ ಸಿನಿಮಾದ ಶೂಟಿಂಗ್ ನಡೆದದ್ದು ಯಡ್ತರೆಯ ಒಂದು ಹಳೆ ಮನೆಯಲ್ಲಿ. ಊರಿನಲ್ಲಿ ಮದುವೆಗೆ ಶಾಮಿಯಾನ ಹಾಕಿಸುವ ಶೇಖರ ಜನ ಒದಗಿಸುವ ಕೆಲಸ ವಹಿಸಿಕೊಂಡಿದ್ದ. ಹಿಂಬಾಗಿಲ ಮೆಟ್ಟಿಲಲ್ಲಿ ಒಬ್ಬಳು ಹೆಂಗಸು ಕೂತಿರಬೇಕಂತೆ, ಬೆಂಗಳೂರಿನಿಂದ ಬರಬೇಕಾದ ನಟಿ ಬರಲಿಲ್ಲವಂತೆ. "ಹ್ವಾಯ್ ವನಜಕ್ಕ, ಬರೀ ಕೂಕಂಬುದ್, ಮಾತಿಲ್ಲ ಎಂತ ಇಲ್ಲ," ಎಂದು ಭಾನುವಾರ ಬೆಳಿಗ್ಗೆ ಕರೆದುಕೊಂಡು ಹೋದ. ಅವಳಿಗೆ ಸೀರಿಯಲ್ಲಿನ ಹೆಂಗಸರ ಹಾಗೆ ಮುಖಕ್ಕೆಲ್ಲ ಬಳಿಯುತ್ತಾರೆಂದು ಆಸೆಯಿತ್ತು. ಅವರು ಇದ್ದ ಬೊಟ್ಟನ್ನೂ ತೆಗೆದು, ಕೂದಲು ಬಿಚ್ಚಿಸಿ, ತೊಳೆದು ತೊಳೆದು ಬಣ್ಣ ಹೋದ ಒಂದು ಸೀರೆ ಉಡಿಸಿದರು. ಮಡಿಲಿಗೆ ಹಲಸಿನ ಬೀಜದ ತಟ್ಟೆ ಕೊಟ್ಟು ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂರಿಸಿದರು. ಕೂತಲ್ಲೇ ಊಟದ ಹೊತ್ತು ದಾಟಿತು. ಬೆಳಕು ಸರಿಯಿಲ್ಲ ಎನ್ನುತ್ತಿದ್ದರು, ಜನರೇಟರು ನಿಂತಿತು, ಮತ್ತೆ ಬಂತು. ಕೊನೆಗೆ ನಿರ್ದೇಶಕ, ಅವಳ ಮಗ ವಿಶಾಲನಿಗಿಂತಲೂ ಚಿಕ್ಕವನು, ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು, "ಅಮ್ಮಾ, ನೀವು ಏನೂ ಮಾಡಬೇಡಿ. ಬೀಜ ಸುಲೀತಾ ಇರಿ. ನಾನು ಹೇಳಿದಾಗ ನಿಧಾನವಾಗಿ ತಿರುಗಿ ನಮ್ಮನ್ನ ನೋಡಿ. ಅಷ್ಟೇ," ಎಂದ. ಅವಳು ಹಾಗೇ ಮಾಡಿದಳು. ತಿರುಗಿ ನೋಡಿದಳು. ಅಷ್ಟು ಹೊತ್ತು ಗಲಾಟೆ ಮಾಡುತ್ತಿದ್ದ ಹುಡುಗರೆಲ್ಲ ಸುಮ್ಮನೆ ನಿಂತಿದ್ದರು. ಕಟ್ ಹೇಳಬೇಕಾದವನು ಹೇಳಲಿಲ್ಲ. ಆಮೇಲೆ ಕ್ಯಾಮೆರಾದ ಹುಡುಗ ತೋಳು ನೀವಿಕೊಳ್ಳುತ್ತಾ, "ಅಮ್ಮಾ, ನಿಜವಾಗ್ಲೂ ಭಯ ಆಯ್ತು," ಎಂದ, ಎಲ್ಲರೂ ಚಪ್ಪಾಳೆ ತಟ್ಟಿದರು. ತನ್ನನ್ನು ನೋಡಿ ಯಾರಾದರೂ ಚಪ್ಪಾಳೆ ತಟ್ಟಿದ್ದು ಅವಳಿಗೆ ನೆನಪಿರಲಿಲ್ಲ. ಆ ದಿನ ಬಸ್ಸಿನಲ್ಲಿ ಕಿಟಕಿ ಬದಿ ಕೂತು ಅವಳು ಊರು ಬರುವವರೆಗೆ ಸಂತೋಷಪಟ್ಟಿದ್ದಳು. ಅದನ್ನು ಈಗ ನೆನೆದರೆ ಯಾರದೋ ಮನೆಯಲ್ಲಿ ಕದ್ದು ತಿಂದ ಹಾಗಾಗುತ್ತಿತ್ತು.

ಸಿನಿಮಾ ಬಂತು, ಜನ ನಿಜಕ್ಕೂ ಹೆದರಿದರು. ದೊಡ್ಡ ಸಿನಿಮಾ ಅಲ್ಲ, ಹೆಸರಾಂತ ನಟರಿಲ್ಲ. ಹಳೆ ಮನೆ ಕೊಂಡುಕೊಳ್ಳಲು ಬಂದ ಒಂದು ಸಂಸಾರದ ಕಥೆಯಂತೆ. ಅದರಲ್ಲಿ ಕೂಗಾಟ, ರಕ್ತ, ಬಾಗಿಲು ಬಡಿಯುವುದು ಎಲ್ಲ ಇದ್ದವಂತೆ, ಅದಕ್ಕೆಲ್ಲ ಯಾರೂ ಹೆದರಲಿಲ್ಲವಂತೆ. ಹಿಂಬಾಗಿಲ ಮೆಟ್ಟಿಲಲ್ಲಿ ಕೂತ ಹೆಂಗಸು ತಿರುಗಿ ನೋಡುವಾಗ ಮಾತ್ರ ಬ್ರಹ್ಮಾವರದ ವಯಸ್ಸಾದವರೊಬ್ಬರು ಎದ್ದು ಹೊರಗೆ ಹೋಗಿ ಮೆಟ್ಟಿಲು ತಪ್ಪಿ ಬಿದ್ದರು. ಕಾಲೇಜು ಹುಡುಗಿಯೊಬ್ಬಳು ಹಾಸ್ಟೆಲ್ಲಿನಲ್ಲಿ ಒಬ್ಬಳೇ ಮಲಗಲಾರೆನೆಂದು ಮನೆಗೆ ಹೋದಳು. ಇಂಥದೆಲ್ಲ ಮೊದಮೊದಲು ಹೆಮ್ಮೆಯ ಸುದ್ದಿಯಾಗಿಯೇ ಬರುತ್ತಿತ್ತು. ಮಲ್ಪೆಯಲ್ಲಿ ಬೋಟಿಗೆ ಹೋಗುವ ವಿಶಾಲ ಅಮ್ಮನ ಆ ಮುಖವನ್ನು ಮೊಬೈಲಿನ ಸ್ಟೇಟಸ್ಸಿಗೆ ಹಾಕಿದ. ಕುಂದಾಪುರದ ಮದುವೆಯೊಂದರಲ್ಲಿ ಊಟದ ಪಂಕ್ತಿಗೇ ಬಂದು ಒಬ್ಬ ಹುಡುಗ, "ಆಂಟಿ, ಒಂದ್ಸಲ ಹಾಂಗೇ ಕಾಣಿ," ಎಂದು ಮೊಬೈಲು ಹಿಡಿದ. ಮುಂದೆ ಪಾಯಸದ ಎಲೆ, ಬಾಯಲ್ಲಿ ತುತ್ತು. ಅವಳು ತಿರುಗಿ ನೋಡಿದಳು. ಅವನಿಗೆ ಸಮಾಧಾನವಾಗಲಿಲ್ಲ, ಇನ್ನೊಮ್ಮೆ ಎಂದ. ಅವಳು ಇನ್ನೊಮ್ಮೆ ನೋಡಿದಳು. ಪಕ್ಕದ ಎಲೆಯ ಹೆಂಗಸು ಮಗುವನ್ನೆತ್ತಿಕೊಂಡು ಇನ್ನೊಂದು ಪಂಕ್ತಿಗೆ ಹೋದಳು. ಹೋಗುವಾಗ, "ಇಲ್ಲಿ ಫ್ಯಾನಿಲ್ಲ," ಎಂದಳು. ಫ್ಯಾನು ಅವರ ತಲೆಯ ಮೇಲೆಯೇ ತಿರುಗುತ್ತಿತ್ತು.

ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಆಗ ನೀವು ಏನು ಯೋಚಿಸುತ್ತಿದ್ದಿರಿ? ಏನೂ ಇಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ಆದರೆ ಅದೇ ನಿಜ. ಬೀಜದ ಸಿಪ್ಪೆ ಉಗುರಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು, ಹಸಿವಾಗಿತ್ತು, ತಿರುಗು ಎಂದರು, ತಿರುಗಿದಳು. ಯೂಟ್ಯೂಬಿನ ಚಾನೆಲ್ ನಡೆಸುವ ರತೀಶ್ ಮನೆಗೇ ಬಂದು, ಅಂಗಳದಲ್ಲಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಸೀರೆಗೆ ಸಣ್ಣ ಮೈಕು ಸಿಕ್ಕಿಸಿ ಅದನ್ನೇ ಕೇಳಿದ. ಅವಳು ಸೆರಗು ಸರಿಮಾಡಿಕೊಂಡಳು. ಅವನು ಕಾದ. ಕಾಯುತ್ತಿರುವವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಆಗ ಅವಳ ಬಾಯಿಂದ ಆ ಮಾತು ಬಂತು: ವಿಶಾಲ ಹುಟ್ಟುವ ಮೊದಲು ನಮಗೊಂದು ಹೆಣ್ಣು ಮಗು ಇತ್ತು, ನಡೆಯಲು ಕಲಿಯುವ ಮೊದಲೇ ಜ್ವರ ಬಂದು ಹೋಯಿತು, ಕ್ಯಾಮೆರಾ ನೋಡುವಾಗ ನನಗೆ ಅದರ ನೆನಪಾಯಿತು. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರೂ ಬಂತು. ನೀರು ಸುಳ್ಳಲ್ಲ. ಮಗುವೂ ಸುಳ್ಳಲ್ಲ. ರತೀಶ್ ತಲೆ ತಗ್ಗಿಸಿದ. ಸರಿಯಾಗಿ ಆಗಲೇ ಅವಳ ಗಂಡ ಗೋವರ್ಧನ ಬೋಟುಗಳು ನಿಲ್ಲುವ ದಕ್ಕೆಯಿಂದ ಬಂದು ಸೈಕಲ್ಲನ್ನು ತೆಂಗಿನ ಮರಕ್ಕೆ ಒರಗಿಸಿ, ಅವಳ ಬೆನ್ನ ಹಿಂದಿನಿಂದ ಒಳಗೆ ಹೋದ. ಅವನಿಗೆ ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಒಂದು ವೇಳೆ ಆಗ ಕೇಳಿಸದಿದ್ದರೂ ಆಮೇಲೆ ಊರೆಲ್ಲ ಅದನ್ನು ನೋಡಿತು. ಆ ಮಗುವಿನ ವಿಷಯವನ್ನು ಅವರಿಬ್ಬರು ಇಷ್ಟು ವರ್ಷ ತಮ್ಮ ನಡುವೆಯೂ ಆಡಿರಲಿಲ್ಲ. ಆಡಬಾರದೆಂದು ಮಾತಾಗಿರಲಿಲ್ಲ, ಹಾಗೇ ನಡೆದುಕೊಂಡು ಬಂದಿತ್ತು. ಅದನ್ನು ಅವಳು ಯಾರೋ ಹುಡುಗನ ಮೈಕಿಗೆ ಹೇಳಿದ್ದಳು, ಅದೂ ಆ ನೆನಪೇ ಇಲ್ಲದ ಜಾಗದಲ್ಲಿ ತಂದಿಟ್ಟು. ಅಂದಿನಿಂದ ಗೋವರ್ಧನ ಏನೂ ಹೇಳಲಿಲ್ಲ. ಮೀನು ತಂದುಕೊಟ್ಟ, ಉಂಡ, ಬಲೆ ಹೊಲಿದ. ಮೊದಲೂ ಇಷ್ಟೇ ಮಾತಾಡುತ್ತಿದ್ದನೋ, ಈಗ ಕಡಿಮೆಯಾಗಿದೆಯೋ ಎಂದು ಅವಳು ಲೆಕ್ಕ ಹಾಕಲು ನೋಡಿ ಸೋತಳು.

ಅಕ್ಷಯಾ ಕಿರುಚಿದ ದಿನವೇ ಮಧ್ಯಾಹ್ನ ಸೂಪರ್‌ವೈಸರ್ ಅಮಿತಾ ಮೇಡಂ ಫೋನು ಮಾಡಿದರು. ಒಳ್ಳೆಯ ಹೆಂಗಸು, ಸುತ್ತಿ ಬಳಸಿ ಮಾತಾಡಿದರು. ಸಿನಿಮಾ ನೋಡಿದೆ, ತುಂಬ ಚೆನ್ನಾಗಿ ಮಾಡಿದ್ದೀರಿ ಎಂದರು. ಮಕ್ಕಳು ಕಡಿಮೆಯಾಗುತ್ತಿರುವುದು ಮೇಲಿನವರಿಗೂ ಕಾಣುತ್ತದಲ್ಲ ಎಂದರು. "ಒಂದ್ ವಾರ ರಜೆ ಹಾಕಿ ವನಜಾ. ಮಕ್ಕಳಲ್ವಾ, ಮರೀತಾವೆ. ನಿಮಗೂ ರೆಸ್ಟ್ ಆಗುತ್ತೆ."

"ನಂಗೆ ಎಂತ ಆಯ್ಲಿಲ್ಲ ಮೇಡಂ, ರೆಸ್ಟ್ ಎಂತಕ್ಕೆ?" ಎಂದು ಕೇಳಬೇಕೆಂದಿದ್ದಳು. "ಆಯ್ತ್ ಮೇಡಂ," ಎಂದಳು. ಫೋನಿನಲ್ಲಿಯೂ ನಗುತ್ತಿದ್ದಳು.

ರಜೆಯ ಮೊದಲ ದಿನ ಅವಳು ಗೋವರ್ಧನನಿಗೆ, "ಕುಂದಾಪುರಕ್ಕೆ ಹೋಯ್ ಬತ್ತೆ," ಎಂದಷ್ಟೇ ಹೇಳಿ ಹೊರಟಳು. ಅವನು ಯಾಕೆಂದು ಕೇಳಲಿಲ್ಲ. ಅವಳು ಆ ಸಿನಿಮಾವನ್ನು ನೋಡಿರಲಿಲ್ಲ. ನೋಡಿದ್ದೇನೆ ಎಂದು ಎಲ್ಲರಿಗೂ ಹೇಳಿದ್ದಳು. ನೋಡಿದ್ದು ವಿಶಾಲನ ಸ್ಟೇಟಸ್ಸಿನಲ್ಲಿ, ಹೆಬ್ಬೆರಳಿನಷ್ಟಗಲ, ಅದೂ ಕನ್ನಡಕವಿಲ್ಲದೆ. ಬಸ್ಸಿನಲ್ಲಿ ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗಾಳಿಗೆ ಎಂಬ ಹಾಗೆ, ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ರಸ್ತೆ. ಪ್ರವಾಸಕ್ಕೆ ಬಂದವರು ಬಸ್ಸೊಳಗಿಂದ ಮೊಬೈಲು ಹಿಡಿದರು. ಒಬ್ಬನ ಮೊಬೈಲು ಅವಳ ಕಡೆಗಿತ್ತು. ಕಡಲನ್ನು ಹಿಡಿಯಲು ಅವಳು ಅಡ್ಡವಾಗಿದ್ದಳು, ಅಷ್ಟೇ. ಆದರೂ ಅವಳು ನಗಲು ಶುರುಮಾಡಿದ್ದಳು.

ಥಿಯೇಟರಿನಲ್ಲಿ ಮ್ಯಾಟಿನಿಗೆ ಜನ ಕಡಿಮೆ. ಮುಂದಿನ ಸಾಲುಗಳಲ್ಲಿ ಕಾಲೇಜು ಹುಡುಗರು, ಹಿಂದೆ ಅಲ್ಲೊಬ್ಬರು ಇಲ್ಲೊಬ್ಬರು. ಕತ್ತಲಾದ ಮೇಲೆ ಒಳಗೆ ಬಂದವಳು ಕೈಗೆ ಸಿಕ್ಕಿದ ಕುರ್ಚಿಯಲ್ಲಿ ಕೂತಳು. ಪಕ್ಕದಲ್ಲಿ ಒಬ್ಬಳು ಹುಡುಗಿ ಇದ್ದಳು, ಅವಳಾಚೆ ಅವಳ ಗೆಳತಿ. ಸಿನಿಮಾ ವನಜಳಿಗೆ ಅಷ್ಟೇನೂ ಹಿಡಿಸಲಿಲ್ಲ. ಬಾಗಿಲುಗಳು ಬಡಿದವು, ಸಂಗೀತ ಕಿವಿಗೆ ಬಡಿಯಿತು. ಯಡ್ತರೆಯ ಆ ಮನೆಯ ಜಗಲಿ, ಬಾವಿಕಟ್ಟೆ ಎಲ್ಲ ಗುರುತಾಗಿ, ಇಲ್ಲಿ ಜನರೇಟರು ಇತ್ತು, ಇಲ್ಲಿ ನಾವು ಟೀ ಕುಡಿದೆವು ಎಂದುಕೊಳ್ಳುತ್ತಾ ಕೂತಿದ್ದಳು. ಆಮೇಲೆ ಸಂಗೀತ ನಿಂತಿತು. ಅಡುಗೆಮನೆ, ಅದರಾಚೆ ತೆರೆದ ಹಿಂಬಾಗಿಲು, ಮೆಟ್ಟಿಲಲ್ಲಿ ಒಂದು ಬೆನ್ನು. ತನ್ನ ಬೆನ್ನನ್ನು ಅವಳು ಇದುವರೆಗೆ ನೋಡಿರಲಿಲ್ಲ. ಇಷ್ಟು ಅಗಲವೇ, ಬಲ ಭುಜ ಇಷ್ಟು ತಗ್ಗೇ? ಬೀಜ ಸುಲಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮುಂದಿನ ಸಾಲಿನ ಹುಡುಗರು ಮಾತು ನಿಲ್ಲಿಸಿದರು. ಆ ಬೆನ್ನು ತಿರುಗತೊಡಗಿತು.

ಅವಳು ಕಣ್ಣು ಮುಚ್ಚಲಿಲ್ಲ. ಗೋಡೆಯಷ್ಟು ದೊಡ್ಡ ಮುಖ ಬಂತು. ಅದರಲ್ಲಿ ಸಿಟ್ಟಿರಲಿಲ್ಲ. ದುಃಖ ಇದ್ದೀತೆಂದು ಹುಡುಕಿದಳು, ಅದೂ ಇರಲಿಲ್ಲ. ನಿಮ್ಮನ್ನು ನೋಡುತ್ತಿದ್ದೇನೆ, ನೀವು ಯಾರಾದರೂ ಒಂದೇ, ಇದ್ದರೂ ಒಂದೇ ಹೋದರೂ ಒಂದೇ ಎಂಬ ಹಾಗೆ ಅದು ನೋಡುತ್ತಿತ್ತು. ಯಾರಿಗೂ ಕೆಟ್ಟದ್ದು ಬಯಸದ, ಒಳ್ಳೆಯದನ್ನೂ ಬಯಸದ ಮುಖ. ನಟನೆಯಲ್ಲ, ಬಣ್ಣವಿಲ್ಲ. ಅನ್ನ ಬಸಿಯುವಾಗ, ಗೋವರ್ಧನನಿಗೆ ಬಡಿಸಿ ಎದುರು ಕೂತಾಗ, ಮಕ್ಕಳನ್ನು ಮಲಗಿಸಿ ಬಾಗಿಲಲ್ಲಿ ನಿಂತಾಗ ತನ್ನ ಮೇಲೆ ಇರುವುದು ಇದೇ ಮುಖ ಎಂದು ಅವಳಿಗೆ ಗೊತ್ತಾಯಿತು. ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಆಮೇಲೆ ಹಾಕಿಕೊಂಡದ್ದು. ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒತ್ತಿಕೊಂಡಳು. ಆಗ ಯಾರೋ ಅವಳ ಕೈಯನ್ನು ಹಿಡಿದರು.

ಪಕ್ಕದ ಹುಡುಗಿ. ಗೆಳತಿಯ ಕೈ ಎಂದುಕೊಂಡು ಹಿಡಿದಳೋ, ಯಾರದಾದರೂ ಆದೀತೆಂದು ಹಿಡಿದಳೋ, ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದು ಮುಖವನ್ನು ಅವಳ ಭುಜಕ್ಕೆ ಒತ್ತಿದ್ದಳು. ಥಿಯೇಟರಿನ ತುಂಬ ಕೂಗು. ಹುಡುಗಿಯ ಮೈ ನಡುಗುವುದು ವನಜಳ ತೋಳಿಗೆ ಗೊತ್ತಾಗುತ್ತಿತ್ತು. ಮಧ್ಯಾಹ್ನ ನಿದ್ದೆಯಿಂದ ಬೆಚ್ಚಿ ಎದ್ದ ಮಕ್ಕಳ ಬೆನ್ನು ತಟ್ಟುವ ಕೈ ತನ್ನಷ್ಟಕ್ಕೆ ಎದ್ದು ಆ ಹುಡುಗಿಯ ತಲೆಯ ಮೇಲೆ ಹೋಯಿತು.

"ಹೆದ್ರಬೇಡ ಮಗಾ. ಎಂತ ಇಲ್ಲ ಅದ್. ಹೋಯ್ತ್ ಕಾಣ್," ಎಂದಳು ವನಜ.

"ಹೋಯ್ತಾ? ನಿಜಾಗೂ ಹೋಯ್ತಾ?" ಎಂದು ಹುಡುಗಿ ಭುಜದಿಂದ ಮುಖ ಎತ್ತದೆ ಕೇಳಿದಳು.

ಮುಖ ಹೋಗಿರಲಿಲ್ಲ. ಇನ್ನೂ ಅಲ್ಲೇ ಇತ್ತು, ಇಬ್ಬರನ್ನೂ ನೋಡುತ್ತಿತ್ತು. "ತಡಿ, ನಾ ಹೇಳ್ತೆ," ಎಂದಳು ವನಜ. ಅದು ಹೋಗುವವರೆಗೆ ಆ ತಲೆಯ ಮೇಲೆ ಕೈಯಿಟ್ಟುಕೊಂಡು, ತಾನೊಬ್ಬಳೇ ಅದನ್ನು ನೋಡಿದಳು. ಆಮೇಲೆ, "ಈಗ ಹೋಯ್ತ್," ಎಂದಳು.

ಮಧ್ಯಂತರದಲ್ಲಿ ದೀಪ ಹತ್ತಿದವು. ಹುಡುಗಿ ನೆಟ್ಟಗೆ ಕೂತು ಅವಳ ಕಡೆ ತಿರುಗಿದಳು. ಈಗ ಕಿರುಚುತ್ತಾಳೆ ಎಂದು ವನಜ ಕಾದಳು. ನಗಬೇಕೆಂದು ನೆನಪಾಗಲಿಲ್ಲ.

"ಸಾರಿ ಆಂಟಿ, ಮರ್ಯಾದಿ ಹೋಯ್ತ್ ನಂದ್," ಎಂದಳು ಹುಡುಗಿ, ಕೂದಲು ಸರಿಮಾಡಿಕೊಳ್ಳುತ್ತಾ. "ಕೈ ನೋವಾಯ್ತಾ? ನಿಮ್ಗ್ ಹೆದ್ರಿಕಿ ಆಯ್ಲಿಲ್ಯಾ?"

"ಆಯ್ತ್," ಎಂದಳು ವನಜ.

ಹುಡುಗಿಗೆ ಅದು ಸಮಾಧಾನವಾಯಿತೆಂದು ಕಾಣುತ್ತದೆ. ಪಾಪ್‌ಕಾರ್ನಿನ ಪೊಟ್ಟಣವನ್ನು ಅವಳ ಕಡೆಗೆ ಚಾಚಿದಳು. ಒಂದು ಹಿಡಿ ತೆಗೆದುಕೊಂಡಳು ವನಜ. ಗುರುತೇ ಹಿಡಿಯಲಿಲ್ಲವಲ್ಲ ಎಂದು ಸಣ್ಣದೊಂದು ನಿರಾಸೆಯೂ ಆಯಿತು. ಆದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಮಿಕ್ಕ ಸಿನಿಮಾದಲ್ಲಿ ತಾನಿರಲಿಲ್ಲ, ಆದರೂ ಕೊನೆಯವರೆಗೆ ಕೂತಳು.

ವಾರ ಮುಗಿದು ಸೋಮವಾರ ಅಂಗನವಾಡಿಗೆ ಹೋದಾಗ ಅವಳು ನಗಲಿಲ್ಲ. ನಗಬಾರದೆಂದು ನಿಶ್ಚಯ ಮಾಡಿದ್ದಲ್ಲ, ಸಾಕಾಗಿತ್ತು. ಬೇಕಾದಷ್ಟು ನಿಧಾನವಾಗಿ ತಿರುಗಿದಳು. ಮಕ್ಕಳು ದೂರದಿಂದ ನೋಡುತ್ತಿದ್ದವು. ಒಂದು ಮಗು ಮೂತ್ರ ಮಾಡಿಕೊಂಡಿತು, ಅದು ಹೆದರಿಕೆಗೋ ಅಭ್ಯಾಸಕ್ಕೋ ತಿಳಿಯದು, ವನಜ ಚಡ್ಡಿ ಬದಲಿಸಿದಳು. ಹೆಸರುಕಾಳು ಬಡಿಸುವಾಗ ಯಾರೂ ಬಟ್ಟಲು ಹಿಂದೆ ಎಳೆದುಕೊಳ್ಳಲಿಲ್ಲ. ಗುರುವಾರದ ಹೊತ್ತಿಗೆ ಒಂದಿಬ್ಬರು ಅವಳ ಸೆರಗು ಹಿಡಿದು ಎಳೆಯುವಷ್ಟು ಆದರು. ಅಕ್ಷಯಾ ಮಾತ್ರ ಬರಲಿಲ್ಲ. ಅವಳನ್ನು ಬೈಂದೂರಿನ ಇಂಗ್ಲಿಷ್ ನರ್ಸರಿಗೆ ಸೇರಿಸಿದರಂತೆ, ಮನೆ ಬಾಗಿಲಿಗೆ ವ್ಯಾನು ಬರುತ್ತದಂತೆ. ಅನಿಷಾ ದಾರಿಯಲ್ಲಿ ಸಿಕ್ಕಿ, "ಹೇಂಗೂ ಸೇರ್ಸುದಿತ್ತ್ ಟೀಚರೇ, ಒಂದ್ ವರ್ಷ ಮುಂಚೆ ಆಯ್ತ್ ಅಷ್ಟೇ," ಎಂದಳು. ಅವಳು ಹೇಳಿದ್ದು ನಿಜವೂ ಇರಬಹುದು.

ಆ ದಿನ ಸಂಜೆ ಗೋವರ್ಧನ ಅಂಗಳದಲ್ಲಿ ಕಾಲು ಚಾಚಿ ಕೂತು ಬಲೆಯ ಹರಿದ ಕಣ್ಣುಗಳನ್ನು ಕಟ್ಟುತ್ತಿದ್ದ. ಬೋಟಿಗೆ ಹೋಗುವುದನ್ನು ಬಿಟ್ಟ ಮೇಲೆ ಬೇರೆಯವರ ಬಲೆ ರಿಪೇರಿ ಮಾಡಿಕೊಡುತ್ತಿದ್ದ. ಅವಳು ಚಾ ತಂದಿಟ್ಟು, ಒಳಗೆ ಹೋಗದೆ, ಬಲೆಯ ಇನ್ನೊಂದು ತುದಿಯ ಹತ್ತಿರ ಕೂತಳು.

"ಆವತ್ತ್ ಕುಂದಾಪುರಕ್ಕೆ ಹೋದ್ದ್ ಸಿನಿಮಾ ಕಾಂಬುಕೆ," ಎಂದಳು.

"ಗೊತ್ತಿತ್," ಎಂದ ಅವನು. ಚಾ ಕುಡಿದ. "ನಾನೂ ಕಂಡಿದೆ. ಬಂದ್ ಮೊದಲ್ನೇ ವಾರವೇ."

ಅವಳಿಗೆ ಇದು ಗೊತ್ತಿರಲಿಲ್ಲ. ಅವನೊಬ್ಬನೇ ಥಿಯೇಟರಿನಲ್ಲಿ, ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೋಗಿ ಕೂತದ್ದನ್ನು ಊಹಿಸಲು ನೋಡಿದಳು. "ಹೆದ್ರಿಕಿ ಆಯ್ತಾ ನಿಮ್ಗೆ?"

"ಎಂತಕ್ಕೆ? ದಿನಾ ಕಾಂಬ್ ಮುಖ." ಅವನು ದಾರವನ್ನು ಹಲ್ಲಿನಲ್ಲಿ ಕಡಿದ. "ಉಳ್ದರ್ ಕೂಗುವತಿಗೆ ನಂಗೆ ನಗಿ ಬಂತ್."

ಹಾಗಾದರೆ ದಿನವೂ ಅದೇ ಮುಖ. ಅವಳಿಗೆ ಬೇಸರವಾಗಬೇಕಿತ್ತು, ಆಯಿತೋ ಇಲ್ಲವೋ ತಿಳಿಯಲಿಲ್ಲ. ಈಗ ಹೇಳದಿದ್ದರೆ ಇನ್ನು ಹೇಳುವುದೇ ಇಲ್ಲ ಎನ್ನಿಸಿತು. ಬಲೆಯ ಕಣ್ಣೊಂದರಲ್ಲಿ ಬೆರಳು ತೂರಿಸಿ ಅದನ್ನೇ ನೋಡುತ್ತಾ, "ರತೀಶನ ಹತ್ರ ಮಗಿನ್ ನೆನಪಾಯ್ತ್ ಅಂದ್ ಹೇಳ್ದೆ ಅಲ್ದಾ, ಅದ್ ಸುಳ್ಳ್," ಎಂದಳು. "ಆಗ ನಂಗೆ ಎಂತದೂ ನೆನಪಾಯ್ಲಿಲ್ಲ. ಅವ ಕಾಯ್ತಾ ಇದ್ದಿದ್ದ, ಹೇಳ್ದೆ."

ಗೋವರ್ಧನ ದಾರಕ್ಕೆ ಗಂಟು ಹಾಕಿದ. ಬೈಯುತ್ತಾನೆ ಎಂದುಕೊಂಡಳು, ಬೈದರೆ ಒಳ್ಳೆಯದಿತ್ತು. ಅವನು ಬೈಯಲಿಲ್ಲ.

"ಅದೂ ಗೊತ್ತಿತ್," ಎಂದ. "ಮಗಿನ್ ನೆನಪಾರೆ ನಿನ್ ಮುಖ ಹಾಂಗ್ ಆತ್ತಿಲ್ಲ."

ಅವಳು ಬೆರಳನ್ನು ಬಲೆಯಿಂದ ಬಿಡಿಸಿಕೊಂಡಳು. ಇಷ್ಟು ವರ್ಷ ಈ ಮನುಷ್ಯ ಒಂದು ಮಾತೂ ಆಡದೆ, ಮಗುವಿನ ನೆನಪಾದಾಗಿನ ಅವಳ ಮುಖವನ್ನು ನೋಡಿ ಇಟ್ಟುಕೊಂಡಿದ್ದ. ಎಲ್ಲೆಲ್ಲಿ ನೋಡಿದ್ದನೋ, ಒಲೆಯ ಮುಂದೆಯೋ, ಬಾವಿಕಟ್ಟೆಯಲ್ಲೋ, ಬೇರೆಯವರ ಮಕ್ಕಳ ತಲೆ ಬಾಚುವಾಗಲೋ. ನೋಡಿದಾಗಲೆಲ್ಲ ಅವನಿಗೂ ಆ ಮಗುವಿನ ನೆನಪಾಗಿರಬೇಕು, ಇಬ್ಬರೂ ಒಂದೇ ಹೊತ್ತಿನಲ್ಲಿ ಅದೇ ಮಗುವಿನ ಹತ್ತಿರ ಹೋಗಿ, ಗೊತ್ತಿಲ್ಲದವರ ಹಾಗೆ ವಾಪಸು ಬಂದಿರಬೇಕು.

"ಹಂಗಾರೆ ಆಗ ಹೇಂಗ್ ಆತ್ತ್ ನನ್ ಮುಖ?" ಎಂದು ಕೇಳಿದಳು.

ಗೋವರ್ಧನ ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಗದ್ದದಿಂದ ಅವಳ ಕಡೆಗೇ ತೋರಿಸಿದ.

"ಈಗ ಇತ್ತಲೆ," ಎಂದ. "ಹೀಂಗೆ."

ಒಳಗೆ ಗೋಡೆಯಲ್ಲಿ ಕನ್ನಡಿಯಿತ್ತು. ಅವಳು ಏಳಲಿಲ್ಲ. ಮುಖ ಹೇಗಿತ್ತೋ ಹಾಗೇ ಇರಲು ಬಿಟ್ಟು, ಅವನು ನೋಡುತ್ತಿರುವವರೆಗೂ ಅಲ್ಲೇ ಕೂತಿದ್ದಳು.